ರಕ್ತದ ಸಾಕ್ಷ್ಯ

ಪುಣೆಯಲ್ಲಿ ನಾವು ವಾಸವಾಗಿರುವ ಓಣಿಯ ಕೊನೆಯ ಮನೆಯಲ್ಲಿ ವಿಜಯಪುರದ ಕಡೆಯ ಒಂದು ಸಂಸಾರವಿದೆ. ಗಂಡನು ಚಾಕಣದ ಕಾರಖಾನೆಯೊಂದರಲ್ಲಿ ದುಡಿಯುವವನು. ಹೆಂಡತಿ ಮನೆಯಲ್ಲಿಯೇ ಹೊಲಿಗೆಯ ಕೆಲಸ ಮಾಡುವವಳು. ಮಗಳಿಗೆ ಆಗ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು. ಮಾರ್ಗಶಿರದ ಒಂದು ಸಂಜೆ ಆ ಗಂಡನು ನಮ್ಮ ಬಾಗಿಲಿಗೆ ಬಂದು, ಒಳಗೆ ಕರೆದರೂ ಬಾರದೆ, ಹೊಸ್ತಿಲ ಹೊರಗೇ ನಿಂತು, ಅಂಗಿಯ ಕಿಸೆಯಿಂದ ನಾಲ್ಕಾಗಿ ಮಡಿಸಿದ ಒಂದು ಚೀಟಿಯನ್ನು ತೆಗೆದು, "ಕಾಕಾ, ಇದನ್ನಷ್ಟು ನೋಡ್ರಿ. ಯಾರ ಮುಂದೂ ಹೇಳಬ್ಯಾಡ್ರಿ" ಎಂದನು. ಮಗಳನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ ರಕ್ತದ ಗುಂಪನ್ನು ಕಾಣಿಸಬೇಕಾಗಿದ್ದುದರಿಂದ ಪರೀಕ್ಷೆ ಮಾಡಿಸಿದ್ದರು. ಚೀಟಿಯಲ್ಲಿ 'ಎ' ಎಂದು ಬರೆದಿತ್ತು. ತನ್ನದು 'ಓ', ಹೆಂಡತಿಯದು 'ಬಿ' ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಅಂಥ ತಂದೆತಾಯಿಗಳಿಗೆ 'ಎ' ಗುಂಪಿನ ಮಗು ಹುಟ್ಟುವುದು ಸಾಧ್ಯವೇ ಇಲ್ಲವೆಂದು ಕಾರಖಾನೆಯಲ್ಲಿ ಯಾರೋ ಬಲ್ಲವರು, ಅಥವಾ ಅರ್ಧ ಬಲ್ಲವರು, ಹೇಳಿಬಿಟ್ಟಿದ್ದರು. "ಇದು ಖರೇ ಏನ್ರಿ?" ಎಂದು ಅವನು ಕೇಳಿದ ಧ್ವನಿ ಇಂದಿಗೂ ನನ್ನ ಕಿವಿಯಲ್ಲಿದೆ. ಅವನು ಕೇಳಿದ್ದು ನಿಯಮವು ನಿಜವೇ ಎಂದು. ಕೇಳಲಾರದೆ ನಿಂತಿದ್ದು ಬೇರೊಂದು.

ನಿಯಮವು ನಿಜವೇ. 1901ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವೈದ್ಯವಿಜ್ಞಾನಿಯು ತನ್ನ ಮತ್ತು ತನ್ನ ಪ್ರಯೋಗಶಾಲೆಯ ಸಹೋದ್ಯೋಗಿಗಳ ರಕ್ತವನ್ನೇ ಒಂದರೊಡನೊಂದು ಬೆರೆಸಿ ನೋಡಿ, ಮನುಷ್ಯರ ರಕ್ತವೆಲ್ಲ ಒಂದೇ ಬಗೆಯದಲ್ಲವೆಂದೂ ಒಂದು ಬಗೆಯದು ಇನ್ನೊಂದನ್ನು ಕಂಡರೆ ಗರಣೆಗಟ್ಟುತ್ತದೆಂದೂ ಪ್ರಕಟಿಸಿದನು. ಈ ಗುಂಪುಗಳು ತಂದೆತಾಯಿಗಳಿಂದ ಮಕ್ಕಳಿಗೆ ನಿಯತವಾಗಿ ಇಳಿದುಬರುತ್ತವೆಂಬುದನ್ನು 1910ರಲ್ಲಿ ಹೈಡಲ್‌ಬರ್ಗಿನಲ್ಲಿ ಫಾನ್ ಡುಂಗರ್ನ್ ಮತ್ತು ಹಿರ್ಷ್‌ಫೆಲ್ಡ್ ಎಂಬವರು ತೋರಿಸಿದರು. ಇಳಿಯುವ ಕ್ರಮದ ಸರಿಯಾದ ಲೆಕ್ಕವನ್ನು 1924ರಲ್ಲಿ ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞನು ಕೊಟ್ಟನು. ಮಗುವಿಗೆ ತಾಯಿಯಿಂದೊಂದು, ತಂದೆಯಿಂದೊಂದು ಅಂಶ ಬರುತ್ತದೆ. 'ಓ' ಗುಂಪಿನವನಲ್ಲಿ 'ಎ' ಅಂಶವೂ ಇಲ್ಲ, 'ಬಿ' ಅಂಶವೂ ಇಲ್ಲ; ಇಲ್ಲದುದನ್ನು ಅವನು ಕೊಡಲಾರ. ತಾಯಿಯಲ್ಲಿಲ್ಲದ 'ಎ' ಮಗುವಿನಲ್ಲಿ ಕಂಡುಬಂದರೆ ಅದು ತಂದೆಯದಾಗಿರಬೇಕು. 1920ರ ದಶಕದಲ್ಲಿಯೇ ಜರ್ಮನಿಯ ನ್ಯಾಯಾಲಯಗಳು ಈ ತರ್ಕವನ್ನು ಸಾಕ್ಷ್ಯವೆಂದು ಅಂಗೀಕರಿಸತೊಡಗಿದವು.

ಈ ಸಾಕ್ಷಿಯ ಸ್ವಭಾವ ವಿಚಿತ್ರವಾದುದು. 'ಇವನಲ್ಲ' ಎಂದು ಅದು ಹೇಳಬಲ್ಲುದು; 'ಇವನೇ' ಎಂದು ಎಂದಿಗೂ ಹೇಳಲಾರದು. ಮಗುವಿನದೂ 'ಎ', ಶಂಕಿತನಾದ ಪುರುಷನದೂ 'ಎ' ಎಂದಾದರೆ ಸಿದ್ಧವಾದುದೇನು? ಆ ಊರಿನಲ್ಲಿ 'ಎ' ಗುಂಪಿನ ಸಾವಿರಾರು ಜನರ ನಡುವೆ ಅವನೂ ಒಬ್ಬನೆಂಬುದಷ್ಟೆ. ಬೃಹದಾರಣ್ಯಕದ ಋಷಿಯು ಬ್ರಹ್ಮವನ್ನು 'ನೇತಿ, ನೇತಿ' ಎಂದು ನಿರ್ದೇಶಿಸಿದುದನ್ನು ಓದಿದ ನಮಗೆ ನಿಷೇಧಮುಖದಿಂದ ಸತ್ಯವನ್ನು ಸಮೀಪಿಸುವ ಮಾರ್ಗ ಹೊಸದಲ್ಲ. ಆದರೆ ಆ ನೇತಿಯು ಎಲ್ಲವನ್ನೂ ಕಳೆದು ಕೊನೆಗೆ ಪೂರ್ಣದಲ್ಲಿ ನಿಲ್ಲುತ್ತದೆ. ರಕ್ತದ ನೇತಿಯು ಒಬ್ಬ ತಂದೆಯನ್ನು ಕಳೆದು ಆ ಜಾಗವನ್ನು ಬರಿದಾಗಿಯೇ ಬಿಟ್ಟು ಹೋಗುತ್ತದೆ. ಅಮೆರಿಕದಲ್ಲಿ ಚಲನಚಿತ್ರನಟ ಚಾರ್ಲಿ ಚಾಪ್ಲಿನನ ಮೇಲೆ ಹೂಡಿದ ಮೊಕದ್ದಮೆಯಲ್ಲಿ ತಾಯಿಯದು 'ಎ', ಮಗುವಿನದು 'ಬಿ', ಅವನದು 'ಓ' ಎಂದು ವೈದ್ಯರು ಸಾರಿದರೂ, 1945ರಲ್ಲಿ ಜೂರಿಯವರು ಅವನೇ ತಂದೆಯೆಂದು ತೀರ್ಪಿತ್ತರು. ಬರಿದಾದ ಜಾಗವನ್ನು ಕಾಣುವುದು ಜನರಿಗೆ ಅಷ್ಟು ಕಷ್ಟವಾಗಿತ್ತೆಂದು ತೋರುತ್ತದೆ.

ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ತಾಯ್ತನವು ಪ್ರತ್ಯಕ್ಷಪ್ರಮಾಣದಿಂದ ಸಿದ್ಧವಾದುದು, ಹೆತ್ತುದನ್ನು ಕಂಡವರಿರುತ್ತಾರೆ. ತಂದೆತನವಾದರೋ ಸೃಷ್ಟಿಯ ಆದಿಯಿಂದಲೂ ಆಪ್ತವಾಕ್ಯವೊಂದನ್ನೇ ನೆಚ್ಚಿಕೊಂಡು ಬಂದಿದೆ. ಪ್ರತಿಯೊಬ್ಬನ ಪ್ರವರವೂ ಗೋತ್ರವೂ ಮನೆತನದ ಹೆಸರೂ ಒಂದು ಹೆಣ್ಣಿನ ಮಾತಿನ ಮೇಲೆ ನಿಂತಿವೆ. ಆ ಮಾತನ್ನು ನಂಬಿದ ಒಬ್ಬ ಗಂಡಿನ ನಂಬಿಕೆಯ ಮೇಲೆ ನಿಂತಿವೆ. ಇಪ್ಪತ್ತನೆಯ ಶತಮಾನವು ಆಪ್ತವಾಕ್ಯದ ಪಕ್ಕದಲ್ಲಿ ಅನುಮಾನಪ್ರಮಾಣವನ್ನು ತಂದು ನಿಲ್ಲಿಸಿತು. ಕನ್ನಡದಲ್ಲಿ 'ಅನುಮಾನ' ಎಂಬ ಶಬ್ದಕ್ಕೆ ಸಂಶಯವೆಂಬ ಅರ್ಥವೇ ರೂಢವಾಗಿರುವುದನ್ನು ಈ ಸಂದರ್ಭದಲ್ಲಿ ನೆನೆದಾಗ ನನ್ನ ಮನಸ್ಸು ಭಾರವಾಗುತ್ತದೆ.

ಅನುಮಾನಕ್ಕೆ ಬಲವಿರುವುದು ವ್ಯಾಪ್ತಿಯಲ್ಲಿ. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು ಎಂಬಂತೆ, 'ಓ' ಎಂದು ಕಂಡಲ್ಲೆಲ್ಲ 'ಎ', 'ಬಿ' ಅಂಶಗಳ ಅಭಾವವುಂಟು ಎಂಬ ವ್ಯಾಪ್ತಿ ಎಲ್ಲಿಯೂ ಮುರಿಯದಿದ್ದರೆ ಮಾತ್ರ ಕಾರಖಾನೆಯ ಆ ಬಲ್ಲವರ ನಿರ್ಣಯ ನಿಲ್ಲತಕ್ಕದ್ದು. ಅದು ಮುರಿದುದು ಬೇರೆಲ್ಲಿಯೂ ಅಲ್ಲ, ಪುಣೆಯಿಂದ ರೈಲಿನಲ್ಲಿ ಮೂರುನಾಲ್ಕು ಗಂಟೆಯ ದಾರಿಯಾದ ಮುಂಬಯಿಯಲ್ಲಿ. 1952ರಲ್ಲಿ ಡಾಕ್ಟರ್ ಭೆಂಡೆ ಮತ್ತು ಅವರ ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಹೊಸ ರಕ್ತಲಕ್ಷಣವನ್ನು ವರ್ಣಿಸಿದರು. ಅದಕ್ಕೆ 'ಬಾಂಬೆ ರಕ್ತಗುಂಪು' ಎಂಬ ಹೆಸರೇ ಜಗತ್ತಿನಲ್ಲೆಲ್ಲ ನಿಂತಿತು. 'ಎ' ಮತ್ತು 'ಬಿ' ಗುರುತುಗಳು ರಕ್ತಕಣದ ಮೇಲೆ ಮೂಡಬೇಕಾದರೆ ಕೆಳಗೆ 'ಎಚ್' ಎಂಬ ಮೂಲದ್ರವ್ಯವಿರಬೇಕು, ಭಿತ್ತಿಯಿದ್ದರಲ್ಲವೆ ಚಿತ್ತಾರ? ಈ ಅಪರೂಪದ ಜನರಲ್ಲಿ ಆ ಭಿತ್ತಿಯೇ ಇಲ್ಲ. ತಂದೆತಾಯಿಗಳಿಂದ 'ಎ' ಅಂಶವು ಇಳಿದುಬಂದಿದ್ದರೂ ಅದು ಪ್ರಕಟವಾಗಲು ಆಶ್ರಯವಿಲ್ಲದೆ ಒಳಗೇ ಅಡಗಿರುತ್ತದೆ. ಸಾಧಾರಣ ಪರೀಕ್ಷೆಯಲ್ಲಿ ಅವರು 'ಓ' ಗುಂಪಿನವರಾಗಿಯೇ ತೋರುತ್ತಾರೆ. ಅಡಗಿದ್ದ ಆ ಅಂಶವು ಮಗುವಿಗೆ ಸೇರಿ, ಅಲ್ಲಿ ಇನ್ನೊಬ್ಬರಿಂದ ಬಂದ 'ಎಚ್' ದೊರೆತೊಡನೆ, ಬೆಳಕಿಗೆ ಬರುತ್ತದೆ. ಇಂಥವರು ನಮ್ಮ ದೇಶದಲ್ಲಿ ಸುಮಾರು 10,000 ಮಂದಿಗೆ ಒಬ್ಬರೆಂದು ಅಂದಾಜು. ಯೂರೋಪಿನಲ್ಲಿ ಇನ್ನೂ ಬಹು ವಿರಳ. ನೈಯಾಯಿಕರು ಅನೈಕಾಂತಿಕವೆಂದು ಕರೆಯುವ ಹೇತ್ವಾಭಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಯೂರೋಪಿನವರು ನಿರ್ದುಷ್ಟವೆಂದು ನಂಬಿ ನ್ಯಾಯಪೀಠದಲ್ಲಿ ಕುಳ್ಳಿರಿಸಿದ್ದ ಹೇತುವು ಈ ಪಶ್ಚಿಮ ಕರಾವಳಿಯ ನಗರದಲ್ಲಿ ವ್ಯಭಿಚಾರಿಯಾಯಿತು. ತರ್ಕಶಾಸ್ತ್ರದ ಶಬ್ದ ಅದು, 'ವ್ಯಭಿಚಾರಿ ಹೇತು' ಎಂಬುದು. ಆದರೆ ಆ ಆಕ್ಷೇಪವು ಒಬ್ಬ ನಿರಪರಾಧಿ ಹೆಣ್ಣಿನ ಮೇಲೆ ಬೀಳುವ ಬದಲು ಹೇತುವಿನ ಮೇಲೆ ಬೀಳುವುದು ಎಷ್ಟೋ ನ್ಯಾಯ.

ಸಮೀಪರಕ್ತದ ವಿವಾಹಗಳಿರುವ ಮನೆತನಗಳಲ್ಲಿ ಈ ಲಕ್ಷಣ ಕಾಣಿಸುವ ಸಂಭವ ಹೆಚ್ಚು. ಆ ಸಂಜೆ ನಾನು ಅವನನ್ನು ಬಲವಂತವಾಗಿ ಒಳಗೆ ಕರೆದು ಕೂರಿಸಿ, ಅವನ ತಂದೆತಾಯಿಗಳು ಮೊದಲೇ ಸಂಬಂಧಿಕರೋ ಎಂದು ಕೇಳಿದೆ. "ಹೌದ್ರಿ, ನಮ್ಮವ್ವ ಅಂದ್ರ ನಮ್ಮಪ್ಪನ ಅಕ್ಕನ ಮಗಳರಿ" ಎಂದನು. ಸೋದರಮಾವನಿಗೇ ಕೊಡುವುದು ಆ ಸೀಮೆಯಲ್ಲಿ ತಲೆತಲಾಂತರದ ಪದ್ಧತಿ. ಚೀಟಿ ಬರೆದವರ ಕೈತಪ್ಪಾಗಿರಬಹುದು, ಮೊದಲು ಮೂವರ ರಕ್ತವನ್ನೂ ಇನ್ನೊಂದು ಕಡೆ ನೋಡಿಸು. ಹಾಗೂ ಹೀಗೆಯೇ ಬಂದರೆ ನಿನ್ನ ರಕ್ತದಲ್ಲಿ 'ಎಚ್' ಇದೆಯೇ ಎಂದು ಪರೀಕ್ಷಿಸಲು ಕೇಳು ಎಂದು ಹೇಳಿ, ಒಂದು ಕಾಗದದ ಮೇಲೆ ಅದನ್ನೆಲ್ಲ ಬರೆದುಕೊಟ್ಟೆ. ಮೂರನೆಯ ಸಂಭವವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹತ್ತು ಸಾವಿರದಲ್ಲಿ ಒಂದೆಂಬುದು ದೊಡ್ಡ ಆಸರೆಯಲ್ಲವೆಂಬುದು ನನಗೂ ತಿಳಿದಿತ್ತು. ಅವನಿಗೆ ಸುಳ್ಳು ಧೈರ್ಯ ಹೇಳುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಅವನು ಹೋದಮೇಲೆ ಬಹಳ ಹೊತ್ತು ನಿದ್ರೆ ಬಾರಲಿಲ್ಲ. ಈ ನಗರವು ಮನುಷ್ಯನ ವಂಶವಿಚಾರಕ್ಕೆ ತನ್ನ ಬುದ್ಧಿಯ ಬಹುಭಾಗವನ್ನು ಮುಡಿಪಾಗಿಟ್ಟ ನಗರ. ಇಲ್ಲಿಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಿಂದ 1966ರವರೆಗೆ 1,259 ಹಸ್ತಪ್ರತಿಗಳನ್ನು ತಾಳೆ ನೋಡಿ ಮಹಾಭಾರತದ ಪರಿಷ್ಕೃತ ಪಾಠವನ್ನು ಸಿದ್ಧಪಡಿಸಿತು. ಯಾವ ಪ್ರತಿ ಯಾವುದರ ಸಂತಾನ, ಯಾವುದರಲ್ಲಿ ಯಾವ ಕುಲದ ಪಾಠ ಬೆರೆತಿದೆ ಎಂಬುದೇ ಆ ಪಂಡಿತರ ಅರ್ಧ ಶತಮಾನದ ಚಿಂತೆಯಾಗಿತ್ತು. ಆ ಮಂದಿರವೇ ಪ್ರಕಟಿಸಿದ ಪಾಂಡುರಂಗ ವಾಮನ ಕಾಣೆಯವರ ಧರ್ಮಶಾಸ್ತ್ರದ ಇತಿಹಾಸದಲ್ಲಿ ಸ್ಮೃತಿಕಾರರು ಎಣಿಸಿದ ಹನ್ನೆರಡು ಬಗೆಯ ಪುತ್ರರ ವಿಸ್ತಾರವಾದ ವಿಚಾರವಿದೆ. ಔರಸನೊಬ್ಬನನ್ನೇ ಪುತ್ರನೆಂದು ಒಪ್ಪಿ ಉಳಿದವರನ್ನು ಹೊರಗೆ ನಿಲ್ಲಿಸಿದ್ದರೆ ಸ್ಮೃತಿಕಾರರ ಕೆಲಸ ಸುಲಭವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಕ್ಷೇತ್ರಜ, ದತ್ತಕ, ಕಾನೀನ, ಸಹೋಢ, ಅಪವಿದ್ಧ ಎಂದು ಒಬ್ಬೊಬ್ಬನಿಗೂ ಒಂದು ಹೆಸರಿಟ್ಟು, ಮೇಲುಕೀಳೆಣಿಸಿದರೂ, ಮನೆಯೊಳಗೆ ಒಂದೊಂದು ಮೂಲೆಯನ್ನಾದರೂ ತೋರಿಸಿದರು. ಅವರಲ್ಲಿ ಗೂಢೋತ್ಪನ್ನನೆಂಬವನು ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದವನು: ಮನೆಯಲ್ಲಿ ಹುಟ್ಟಿದ್ದಾನೆ, ಯಾರಿಂದ ಹುಟ್ಟಿದನೆಂಬುದು ತಿಳಿಯದು, ಅಂಥವನು ಯಾರ ಹೆಂಡತಿಯಲ್ಲಿ ಜನಿಸಿದನೋ ಆತನ ಮಗನೇ ಎಂದು ಮನು ಹೇಳಿದ್ದಾನೆ.

1872ರ ಸಾಕ್ಷ್ಯ ಅಧಿನಿಯಮವನ್ನು ರಚಿಸಿದ ಇಂಗ್ಲಿಷ್ ನ್ಯಾಯವೇತ್ತರು ಮನುವನ್ನು ನೋಡಿ ಬರೆಯಲಿಲ್ಲ. ಆದರೂ ಅದರ 112ನೆಯ ಕಲಮು ಬಂದು ತಲುಪಿದುದು ಹೆಚ್ಚುಕಡಿಮೆ ಅದೇ ಸ್ಥಾನಕ್ಕೆ. ವಿವಾಹಬಂಧನವಿರುವಾಗ, ಅಥವಾ ಅದು ಕಳೆದು ಸ್ತ್ರೀಯು ಪುನರ್ವಿವಾಹವಾಗದಿರುವಲ್ಲಿ 280 ದಿನಗಳೊಳಗೆ, ಹುಟ್ಟಿದ ಮಗುವು ಆ ಗಂಡನದೇ ಎಂಬುದು ನಿರ್ಣಾಯಕ ಪ್ರಮಾಣ. ಗರ್ಭ ನಿಂತಿರಬಹುದಾದ ಕಾಲದಲ್ಲಿ ಗಂಡಹೆಂಡಿರು ಕೂಡಿರಲು ಅವಕಾಶವೇ ಇರಲಿಲ್ಲವೆಂದು ತೋರಿಸಿದ ಹೊರತು ಅದು ಕದಲದು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ಮಾತು 116ನೆಯ ಕಲಮಾಗಿ ಉಳಿದಿದೆ. 1993ರಲ್ಲಿ ಬಂಗಾಳದ ಒಂದು ಮೊಕದ್ದಮೆಯಲ್ಲಿ, ಜೀವನಾಂಶದ ಹೊಣೆಯಿಂದ ಬಿಡಿಸಿಕೊಳ್ಳಲೆಂದು ರಕ್ತದ ಗುಂಪಿನ ಪರೀಕ್ಷೆಯನ್ನು ಬೇಡಿದ ಗಂಡನಿಗೆ ಸರ್ವೋಚ್ಚ ನ್ಯಾಯಾಲಯವು, ಇಂಥ ಪರೀಕ್ಷೆಯನ್ನು ಕೇಳಿದೊಡನೆ ಆಜ್ಞಾಪಿಸತಕ್ಕದ್ದಲ್ಲವೆಂದೂ, ಅದರಿಂದ ಮಗುವಿಗೂ ತಾಯಿಗೂ ತಗಲುವ ಕಳಂಕವನ್ನು ಮೊದಲು ತೂಗಿನೋಡಬೇಕೆಂದೂ ಉತ್ತರವಿತ್ತಿತು.

ವಿಜ್ಞಾನವು ಅಲ್ಲಿಗೇ ನಿಲ್ಲಲಿಲ್ಲವಷ್ಟೆ. 1984ರಲ್ಲಿ ಇಂಗ್ಲೆಂಡಿನ ಆಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚಿನ ವಿಧಾನವನ್ನು ಕಂಡುಹಿಡಿದನು. 1989ರಷ್ಟರಲ್ಲಿ ಅದು ನಮ್ಮ ಕಾಸರಗೋಡಿನಿಂದ ದೂರವಲ್ಲದ ತಲಶ್ಶೇರಿಯ ನ್ಯಾಯಾಲಯಕ್ಕೆ ಬಂದು ಒಂದು ಪಿತೃತ್ವವಿವಾದವನ್ನು ತೀರಿಸಿತು. ಈ ಹೊಸ ಸಾಕ್ಷಿಯು 'ಇವನಲ್ಲ' ಎಂಬುದನ್ನಷ್ಟೇ ಅಲ್ಲ, 'ಇವನೇ' ಎಂಬುದನ್ನೂ ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಬಲ್ಲುದು. ಹಾಗಾದರೆ ನಾನು ಇಷ್ಟು ಹೊತ್ತು ಆಡಿದ ನೇತಿಯ ಮಾತು ಹಳೆಯದಾಯಿತೆ? ಪ್ರಮಾಣದ ಮಾತು ಹಳೆಯದಾಯಿತು. ಆದರೆ ನಮ್ಮ ಶಾಸ್ತ್ರಗಳು ಜಿಜ್ಞಾಸೆಯನ್ನು ಆರಂಭಿಸುವ ಮುನ್ನ ನಾಲ್ಕು ಅನುಬಂಧಗಳನ್ನು ವಿಚಾರಿಸುತ್ತವೆ: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಎಲ್ಲಕ್ಕಿಂತ ಮೊದಲು, ಅಧಿಕಾರಿ ಯಾರು? ತಿಳಿಯಲು ಸಾಧ್ಯವೆಂಬ ಮಾತ್ರದಿಂದ ತಿಳಿಯಲು ಎಲ್ಲರೂ ಅಧಿಕಾರಿಗಳಾಗುವುದಿಲ್ಲ. ಮಗುವಿನ ಜನ್ಮದ ರಹಸ್ಯವನ್ನು ಕೇಳುವ ಅಧಿಕಾರ ಯಾರದು? ಈ ಪ್ರಶ್ನೆಯನ್ನು ಪ್ರಮಾಣದ ಸೂಕ್ಷ್ಮತೆಯು ಬಿಡಿಸಲಾರದು. ಪ್ರಮಾಣವು ಹರಿತವಾದಷ್ಟೂ ಅದು ಇನ್ನಷ್ಟು ಉತ್ಕಟವಾಗುತ್ತದೆ.

ಈ ಪ್ರಶ್ನೆಯು ನಮ್ಮ ಕಾಲದಲ್ಲಿ ಸ್ಪಷ್ಟವಾಗಿ ಎದ್ದುದು ಈ ಪುಣೆಯ ಕೌಟುಂಬಿಕ ನ್ಯಾಯಾಲಯದಲ್ಲಿಯೇ. ವಿಚ್ಛೇದನವನ್ನು ಬೇಡಿದ ಗಂಡನೊಬ್ಬನು ಹೆಂಡತಿಯ ಪರಪುರುಷಸಂಗವನ್ನು ಸಿದ್ಧಪಡಿಸಲು ಕಿರಿಯ ಮಗುವಿನ ಡಿಎನ್‌ಎ ಪರೀಕ್ಷೆ ಆಗಬೇಕೆಂದು ಕೇಳಿದನು; ನ್ಯಾಯಾಲಯವು ಒಪ್ಪಿತು; ಮುಂಬಯಿಯ ಉಚ್ಚ ನ್ಯಾಯಾಲಯವೂ 2021ರಲ್ಲಿ ಅದನ್ನು ಎತ್ತಿಹಿಡಿಯಿತು. 2023ರ ಫೆಬ್ರವರಿ 20ರಂದು ಸರ್ವೋಚ್ಚ ನ್ಯಾಯಾಲಯವು ಆ ಎರಡು ಆಜ್ಞೆಗಳನ್ನೂ ರದ್ದುಗೊಳಿಸಿತು. ಪೀಠದಲ್ಲಿ ನ್ಯಾಯಮೂರ್ತಿ ರಾಮಸುಬ್ರಮಣಿಯನ್ ಅವರೊಡನೆ ಕುಳಿತಿದ್ದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ನಾಗರತ್ನ ಅವರು. ಆ ತೀರ್ಪಿನ ತಿರುಳನ್ನು ನಾನು ಗ್ರಹಿಸಿದಂತೆ ಹೇಳುವುದಾದರೆ, ಕಲಹವು ಗಂಡಹೆಂಡಿರದು; ಮಗುವು ಆ ಕಲಹದ ಪಕ್ಷವೂ ಅಲ್ಲ, ವಸ್ತುವೂ ಅಲ್ಲ; ಹೆಂಡತಿಯ ತಪ್ಪನ್ನು ತೋರಿಸಲು ಗಂಡನಿಗೆ ಬೇರೆ ಸಾಕ್ಷ್ಯದ ದಾರಿಗಳು ತೆರೆದಿರುವಾಗ ಮಗುವಿನ ಮೈಯನ್ನೇ ಸಾಕ್ಷ್ಯಪತ್ರವನ್ನಾಗಿ ಮಾಡಿಕೊಳ್ಳಲು ಅವನಿಗೆ ಅಧಿಕಾರವಿಲ್ಲ. ತನ್ನ ಜನ್ಮವು ಹಗುರವಾಗಿ ಪ್ರಶ್ನೆಗೊಳಗಾಗದಿರಬೇಕೆಂಬುದು ಮಗುವಿನ ಸ್ವತ್ವಕ್ಕೆ ಸೇರಿದ ಹಕ್ಕು. ನನಗೆ ಈ ನಿರ್ಣಯವು ಅಕ್ಷರಶಃ ಧರ್ಮವೆಂದು ತೋರುತ್ತದೆ.

ಆದರೂ ಎದುರು ಪಕ್ಷವನ್ನು ಕೇಳದೆ ಮುಂದೆ ಹೋಗುವುದು ಸರಿಯಲ್ಲ. ವಂಚಿತನಾದ ಗಂಡನ ದುಃಖವು ದುಃಖವಲ್ಲವೆ? 2014ರಲ್ಲಿ, ಮಹಾರಾಷ್ಟ್ರದ್ದೇ ಆದ ಇನ್ನೊಂದು ವ್ಯಾಜ್ಯದಲ್ಲಿ, ಪರೀಕ್ಷೆಯಾಗಿ ಫಲವು ಕಣ್ಣೆದುರಿಗಿದ್ದಾಗ ಅದೇ ಸರ್ವೋಚ್ಚ ನ್ಯಾಯಾಲಯವು, ತಿಳಿದ ಸತ್ಯದೆದುರು ಕಾಯಿದೆಯ ಊಹೆ ನಿಲ್ಲಲಾರದೆಂದು ಹೇಳಿ, ತಾನು ಹುಟ್ಟಿಸದ ಹೆಣ್ಣುಮಗುವಿನ ಜೀವನಾಂಶದಿಂದ ಆ ಗಂಡನನ್ನು ಬಿಡುಗಡೆ ಮಾಡಿತು. ಇದು ಅನ್ಯಾಯವೆಂದು ನಾನು ಹೇಳಲಾರೆ. ಆ ಹೆಣ್ಣುಮಗುವು ಅಂದು ಕಳೆದುಕೊಂಡುದನ್ನು ಯಾವ ಕಲಮು ತುಂಬಿಕೊಟ್ಟಿತೆಂದು ಕೇಳದಿರಲೂ ಆರೆ. ಮಗುವೇ ಬೆಳೆದು, ತಾನೇ ಕೇಳಿದರೆ ಮಾತು ಬೇರೆ. ಮುಖ್ಯಮಂತ್ರಿಯೂ ರಾಜ್ಯಪಾಲರೂ ಆಗಿದ್ದ ನಾರಾಯಣ ದತ್ತ ತಿವಾರಿಯವರನ್ನು ತನ್ನ ತಂದೆಯೆಂದು ಒಪ್ಪಿಸಲು ಒಬ್ಬ ಯುವಕನು 2008ರಿಂದ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಹೋರಾಡಿದನು. 2012ರಲ್ಲಿ ರಕ್ತವು ಅವನ ಮಾತನ್ನೇ ಹೇಳಿತು. ಅಲ್ಲಿ ಜಿಜ್ಞಾಸುವೂ ಅವನೇ, ಜಿಜ್ಞಾಸೆಯ ವಿಷಯವೂ ಅವನ ಜನ್ಮವೇ. ಅವನ ಅಧಿಕಾರವನ್ನು ಯಾರು ಅಲ್ಲಗಳೆದಾರು?

ಛಾಂದೋಗ್ಯದ ಸತ್ಯಕಾಮನು ಕೇಳಿದುದು ಹೀಗೆಯೇ. ಬ್ರಹ್ಮಚರ್ಯಕ್ಕೆ ಹೊರಟ ಬಾಲಕನು ತಾಯಿಯನ್ನು ಗೋತ್ರವೇನೆಂದು ಕೇಳಿದನು. ಯೌವನದಲ್ಲಿ ಹಲವೆಡೆ ಪರಿಚಾರಿಕೆಯಾಗಿ ತಿರುಗುತ್ತಿದ್ದಾಗ ನಿನ್ನನ್ನು ಪಡೆದೆ, ನನಗೆ ತಿಳಿಯದು, ಜಬಾಲೆಯ ಮಗನೆಂದೇ ಹೇಳಿಕೊ ಎಂದಳು ಆಕೆ. ಆ ಮಾತನ್ನು ಕೇಳಿಯೂ ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದ ಗುರು ಗೌತಮನನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ಆ ತಾಯಿಯೇ ದೊಡ್ಡವಳೆಂದು ತೋರುತ್ತದೆ. ಮಗನು ಕೇಳಿದಾಗ, ಕೇಳಿದಷ್ಟನ್ನು, ಮುಚ್ಚದೆ ಹೇಳಿದಳು. ಅದಕ್ಕೂ ಮೊದಲು ಲೋಕವು ಕೇಳಿದ್ದಿರಬಹುದು, ಲೋಕಕ್ಕೆ ಆಕೆ ಉತ್ತರ ಕೊಟ್ಟಂತೆ ಉಪನಿಷತ್ತಿನಲ್ಲಿ ಕಾಣದು.

ಇದಕ್ಕೆ ವಿರುದ್ಧದ ಚಿತ್ರ ಉದ್ಯೋಗಪರ್ವದಲ್ಲಿದೆ. ಪಂಪನಿಂದ ಮೊದಲ್ಗೊಂಡು ಕನ್ನಡಿಗರ ಹೃದಯವನ್ನು ಸೂರೆಗೊಂಡಿರುವ ಕರ್ಣನಿಗೆ, ಸಂಧಾನ ಮುರಿದ ಮೇಲೆ, ಕೃಷ್ಣನು ರಥದಲ್ಲಿ ಕುಳ್ಳಿರಿಸಿಕೊಂಡು ಜನ್ಮರಹಸ್ಯವನ್ನು ಹೇಳುತ್ತಾನೆ. ಹೇಳುವಾಗ ಅವನು ಹಿಡಿಯುವ ಪ್ರಮಾಣ ಧರ್ಮಶಾಸ್ತ್ರದ್ದೇ: ಕನ್ಯೆಯಲ್ಲಿ ಹುಟ್ಟಿ ಕಾನೀನನಾದ ಮಗನು ಆ ಕನ್ಯೆಯನ್ನು ವಿವಾಹವಾದವನಿಗೆ ಸೇರಿದವನು, ಆದಕಾರಣ ನೀನು ಪಾಂಡುವಿನ ಮಗ, ರಾಜ್ಯವು ನಿನ್ನದು. ಕರ್ಣನು ಅದನ್ನು ಸುಳ್ಳೆನ್ನುವುದಿಲ್ಲ; ತನಗೆ ತಿಳಿದಿದೆಯೆಂದೇ ಹೇಳುತ್ತಾನೆ. ಆಮೇಲೆ ತನ್ನ ಸಾಕ್ಷ್ಯವನ್ನು ಮುಂದಿಡುತ್ತಾನೆ: ಅಧಿರಥನು ತನ್ನನ್ನು ಮನೆಗೆ ತಂದ ದಿನವೇ ಪ್ರೀತಿಯಿಂದ ಆತನ ಹೆಂಡತಿ ರಾಧೆಯ ಮೊಲೆಯಲ್ಲಿ ಹಾಲಿಳಿಯಿತು, ಆಕೆ ತನ್ನ ಮಲಮೂತ್ರಗಳನ್ನು ಬಳಿದಳು, ಅಧಿರಥನು ಜಾತಕರ್ಮಗಳನ್ನು ಮಾಡಿಸಿದನು, ಹೆಸರಿಡಿಸಿದನು, ಮದುವೆ ಮಾಡಿಸಿದನು, ಅವರ ಪಿಂಡವನ್ನು ತಾನು ಹೇಗೆ ತಪ್ಪಿಸಲಿ? ಇಡೀ ಭೂಮಿಗೂ ಬಂಗಾರದ ರಾಶಿಗಳಿಗೂ ಆ ಸಂಬಂಧವನ್ನು ಮಾರಲಾರೆನೆನ್ನುತ್ತಾನೆ. ರಕ್ತದ ಸಾಕ್ಷ್ಯವು ಸಂಶಯರಹಿತವಾಗಿ ಸಿದ್ಧವಾದ ಮೇಲೂ, ಯಾರದೋ ಬಾಯಿಂದಲ್ಲ, ಸಾಕ್ಷಾತ್ ಕೃಷ್ಣನ ಬಾಯಿಂದ ಸಿದ್ಧವಾದ ಮೇಲೂ, ಅದರಿಂದ ತನ್ನ ತಂದೆಯಾರೆಂಬುದು ನಿರ್ಣಯವಾಗಲಿಲ್ಲವೆಂದು ಹೇಳುವ ಧೈರ್ಯ ಕರ್ಣನಿಗಿತ್ತು. ತಂದೆತನವೆಂಬುದು ಒಮ್ಮೆ ಘಟಿಸಿ ಮುಗಿಯುವ ಸಂಗತಿಯೆಂದು ಅವನು ತಿಳಿಯಲಿಲ್ಲ. ದಿನದಿನವೂ ಮಾಡುತ್ತಲೇ ಇರಬೇಕಾದ ಕರ್ಮವೆಂದು, ಮಾಡಿದವನಿಗೆ ಸಲ್ಲತಕ್ಕ ಋಣವೆಂದು ತಿಳಿದನು. ಈ ಭಾಗದ ಪರಿಷ್ಕೃತ ಪಾಠವನ್ನು ಇಲ್ಲಿಯ ಭಾಂಡಾರಕರ ಮಂದಿರದಲ್ಲಿ ತೆರೆದು ಓದುವಾಗ ಪ್ರತಿಸಲವೂ ನನ್ನ ಕಣ್ಣು ಹನಿಗೂಡಿದೆ.

ಜ್ಯೇಷ್ಠದಲ್ಲಿ ಆಳಂದಿಯಿಂದ ಹೊರಡುವ ಸಂತ ಜ್ಞಾನದೇವರ ಪಾಲಕಿಯು ಪಂಢರಪುರದ ದಾರಿಯಲ್ಲಿ ಪುಣೆಯನ್ನು ಹಾಯ್ದು ಹೋಗುತ್ತದೆ. ಜ್ಞಾನದೇವರ ತಂದೆಯಾರೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸಂನ್ಯಾಸವನ್ನು ಬಿಟ್ಟು ಸಂಸಾರಕ್ಕೆ ಮರಳಿದವನ ಮಕ್ಕಳೆಂಬುದೇ ಅವರೂ ಅವರ ಒಡಹುಟ್ಟಿದವರೂ ಸೇರಿದ ಆ ನಾಲ್ವರ ಅಪರಾಧವಾಗಿತ್ತು. ಹುಟ್ಟಿಗೆ ಶುದ್ಧಿಪತ್ರವನ್ನು ತರಲು ಆ ಎಳೆಯರು ಪೈಠಣದ ಪಂಡಿತರವರೆಗೆ ನಡೆದುಹೋದರೆಂದು ಪರಂಪರೆ ಹೇಳುತ್ತದೆ. ಹಾಗೆ ಪತ್ರ ಕೇಳಿಸಿಕೊಂಡ ಬಾಲಕನ ಪಾದುಕೆಗಳನ್ನು ಇಂದು ಲಕ್ಷಾಂತರ ಜನರು ಹೊತ್ತು ನಡೆಯುತ್ತಾರೆ.

ಆ ಮಾರ್ಗಶಿರದ ಮುಂದಿನ ಜ್ಯೇಷ್ಠದಲ್ಲಿ ನಾನು ಫರ್ಗ್ಯುಸನ್ ಕಾಲೇಜಿನ ರಸ್ತೆಯ ಬದಿಯಲ್ಲಿ ಛತ್ರಿ ಹಿಡಿದು ಪಾಲಕಿಗಾಗಿ ಕಾಯುತ್ತಿದ್ದಾಗ, ಜನರ ನಡುವೆ ನಮ್ಮ ಓಣಿಯ ಅವನು ಕಂಡನು. ಎರಡನೆಯ ಪರೀಕ್ಷೆ ಏನು ಹೇಳಿತೆಂದು ನಾನು ಅವನನ್ನು ಅದುವರೆಗೆ ಕೇಳಿರಲಿಲ್ಲ, ಅಂದೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಾಡಿಸಿದನೋ ಇಲ್ಲವೋ, ಅದೂ ನನಗೆ ತಿಳಿಯದು. "ಸಾಲಿಗೆ ಹೆಸರು ಹಚ್ಚೇವ್ರಿ ಕಾಕಾ" ಎಂದನು. ಹೆಂಡತಿ ಪಕ್ಕದಲ್ಲಿ ನಿಂತು ಸೆರಗಿನಿಂದ ಮಗುವಿನ ತಲೆಯ ಮೇಲಿನ ತುಂತುರನ್ನು ಒರೆಸುತ್ತಿದ್ದಳು. ಮಗುವು ಅವನ ಹೆಗಲ ಮೇಲೆ ಕುಳಿತು, ಎರಡು ಕೈಗಳಿಂದಲೂ ಅವನ ಕೂದಲನ್ನು ಹಿಡಿದುಕೊಂಡಿತ್ತು. ತಾಳಗಳ ಶಬ್ದ ಸಮೀಪಿಸಿತು. "ಅಪ್ಪಾ, ಕಾಣವಲ್ದು" ಎಂದಿತು ಅದು. ಅವನು ಅದನ್ನು ಹೆಗಲಿನಿಂದ ಎತ್ತಿ, ಎರಡು ತೋಳುಗಳನ್ನೂ ನೀಡಿ, ತನ್ನ ತಲೆಗಿಂತಲೂ ಮೇಲಕ್ಕೆ ಹಿಡಿದನು; ಪಾಲಕಿಯು ಮರೆಯಾಗುವವರೆಗೂ ಹಾಗೆಯೇ ಹಿಡಿದಿದ್ದನು.